ತರಬೇತಿಯನ್ನು ಸಭಾಂಗಣದಿಂದ ಒಪಿಡಿಗೆ ತನ್ನಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಸಿಬ್ಬಂದಿಗೆ ಸರಿಯಾದ ತರಬೇತಿ ಕೊಡುವ ಬಗ್ಗೆ.

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಡಾಕ್ಟರೂ ಅಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಆದರೆ ಸುತ್ತಲಿನ ಊರುಗಳ ಡಾಕ್ಟರು ಬರೆದ ಚೀಟಿಗಳು ಕೊನೆಗೆ ಬಂದು ಸೇರುವುದು ನನ್ನ ಕೌಂಟರಿಗೆ. ಯಾರಿಗೆ ಏನು ಬರೆದಿದ್ದಾರೆ, ಯಾರು ಮದ್ದು ನಡುವಲ್ಲೇ ಬಿಟ್ಟರು, ಯಾರಿಗೆ ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಎಂಬುದೆಲ್ಲ ಇಲ್ಲಿ ನಿಂತರೆ ಕಾಣುತ್ತದೆ. ಕಂಡದ್ದನ್ನು ನಿಮಗೆ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಸ್ಪತ್ರೆಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಆಲ್ಪ್ರಜೋಲಾಮ್ ಅಂತ ಒಂದು ಮಾತ್ರೆ ಇದೆ. ಗಾಬರಿ ಇಳಿಸುತ್ತದೆ, ನಿದ್ದೆ ಬರಿಸುತ್ತದೆ. ಅದು ಶೆಡ್ಯೂಲ್ ಎಚ್1 ಪಟ್ಟಿಯ ಮದ್ದು. 2014ರಿಂದ ಈ ಪಟ್ಟಿಯ ಮದ್ದು ಕೊಡುವಾಗ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆ ಎಷ್ಟು ಎಂಬುದನ್ನು ನಾವು ಬೇರೆಯೇ ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಮೂರು ವರ್ಷ ಆ ರಿಜಿಸ್ಟರನ್ನು ಜೋಪಾನ ಮಾಡಬೇಕು. ನನ್ನ ರಿಜಿಸ್ಟರಿನ ಪುಟ ತಿರುವಿದರೆ ಅದೇ ಹೆಸರುಗಳು ತಿಂಗಳು ತಿಂಗಳೂ ಬರುತ್ತವೆ. ಜಾಸ್ತಿ ಹೆಂಗಸರೇ. ಬೀಡಿ ಕಟ್ಟುವವರು, ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು, ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮಂದಿರು.

ಅವರಲ್ಲಿ ಒಬ್ಬರ ವಿಷಯ ಹೇಳುತ್ತೇನೆ. ಮಳೆಗಾಲ ಶುರುವಾಗುವ ಮೊದಲು ಬಂದಿದ್ದರು. “ಆ ಸಣ್ಣ ಮಾತ್ರೆ ಉಂಟಲ್ಲ ಮಗ, ಅದು ಒಂದೆರಡು ಶೀಟ್ ಜಾಸ್ತಿ ಕೊಡು. ಮಳೆಯಲ್ಲಿ ನಂಗೆ ಪೇಟೆಗೆ ಬರ್ಲಿಕ್ಕೆ ಆಗುದಿಲ್ಲ” ಅಂದರು. ಚೀಟಿ ಹಳೆಯದು. ಮಡಚಿ ಮಡಚಿ ಗೆರೆಯಲ್ಲೇ ಹರಿದಿತ್ತು. ಹಾಗೆಲ್ಲ ಕೊಡುವಂತಿಲ್ಲ ಅಮ್ಮ, ಡಾಕ್ಟರನ್ನು ಒಮ್ಮೆ ನೋಡಿ ಹೊಸ ಚೀಟಿ ತನ್ನಿ ಅಂದೆ. ಅವರು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಕೌಂಟರ್ ಮೇಲೆ ಇಟ್ಟರು. ಇಸಿಜಿ, ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ, ಒಂದು ರಾಶಿ ರಕ್ತ ಪರೀಕ್ಷೆ. ಎಲ್ಲ ನಾರ್ಮಲ್. ಎದೆ ಡಬಡಬ ಅನ್ನುತ್ತದೆ, ಗ್ಯಾಸ್ ಮೇಲೆ ಏರುತ್ತದೆ, ಕೈಕಾಲು ಸೋತು ಬರುತ್ತದೆ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದವರು ಪಕ್ಕದ ಗದ್ದೆಯಲ್ಲಿ ಆಟ ಆದರೂ ಹೋಗುವುದಿಲ್ಲವಂತೆ. ಗಂಡ ತೀರಿಹೋದ ಮೇಲೆ ಹೀಗೆ. “ಇದನ್ನೆಲ್ಲ ಡಾಕ್ಟ್ರಿಗೆ ಹೇಳಿದ್ರಾ?” ಅಂತ ಕೇಳಿದೆ. “ಗ್ಯಾಸಿನದ್ದು ಹೇಳಿದೆ. ಬಾಕಿದ್ದು ಅವರು ಕೇಳ್ಲಿಲ್ಲ. ಹಿಂದೆ ಅಷ್ಟು ಜನ ಕೂತಿರ್ತಾರೆ, ನಾನು ನನ್ನ ಪುರಾಣ ಹೇಳ್ಲಿಕ್ಕೆ ಆಗ್ತದಾ?”

ಇದು ಖಿನ್ನತೆಯೋ ಬೇರೆ ಏನಾದರೋ ಎಂದು ಹೇಳಲು ನಾನು ಯಾರು? ಥೈರಾಯ್ಡ್ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ ಹೀಗೆಯೇ ಸುಸ್ತು ಬರಬಹುದು. ಅದನ್ನು ನೋಡಿ, ಕೇಳಿ, ಬೇರ್ಪಡಿಸಿ ಹೇಳಬೇಕಾದವರು ಡಾಕ್ಟರು. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಮೊದಲು ಖುಷಿ ಕೊಡುತ್ತಿದ್ದುದರಲ್ಲಿ ಈಗ ಮನಸ್ಸು ಇದೆಯಾ, ಎಷ್ಟು ವಾರದಿಂದ ಹೀಗೆ, ಜೀವ ಸಾಕು ಅನ್ನಿಸಿದ್ದುಂಟಾ. ಇಷ್ಟು ಕೇಳಲು ಯಾವ ಮೆಷಿನ್ನೂ ಬೇಡ. ಆದರೆ ಆ ಅಮ್ಮನ ಫೈಲಿನಲ್ಲಿ ಇದ್ದ ಅಷ್ಟೂ ಕಾಗದದಲ್ಲಿ ಈ ಪ್ರಶ್ನೆಗಳ ಸುಳಿವೂ ಇರಲಿಲ್ಲ. ಸಿಕ್ಕಿದ್ದು ಗ್ಯಾಸಿನ ಮಾತ್ರೆ, ಬಿ-ಕಾಂಪ್ಲೆಕ್ಸ್ ಮತ್ತು ರಾತ್ರಿಗೆ ಒಂದು ಆಲ್ಪ್ರಜೋಲಾಮ್. ಈ ಕೊನೆಯದ್ದು ಕೆಲವು ದಿನಕ್ಕೆ ಕೊಡುವ ಮಾತ್ರೆ. ವರ್ಷಗಟ್ಟಲೆ ನುಂಗಿದರೆ ದೇಹಕ್ಕೆ ಅದೇ ಅಭ್ಯಾಸವಾಗುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಾರೆ. ಫಕ್ಕನೆ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ.

ಇನ್ನೊಂದು ಬಗೆಯ ಚೀಟಿಯೂ ಬರುತ್ತದೆ. ಡಾಕ್ಟರು ಖಿನ್ನತೆ ಅಂತ ಸರಿಯಾಗಿಯೇ ಗುರುತಿಸಿರುತ್ತಾರೆ. ಎಸ್ಸಿಟಲೊಪ್ರಾಮ್ ಅಥವಾ ಸರ್ಟ್ರಲಿನ್ ಬರೆದಿರುತ್ತಾರೆ. ಆದರೆ ಒಂದು ವಾರ ಆಗುವ ಮೊದಲೇ ರೋಗಿ ವಾಪಸ್. “ಇದು ನಂಗೆ ಆಗಿ ಬರುದಿಲ್ಲ. ವಾಂತಿ ಬಂದ ಹಾಗೆ ಆಗ್ತದೆ. ಗುಣ ಏನೂ ಇಲ್ಲ.” ಈ ಮದ್ದುಗಳು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ಕೆಲವು ದಿನ ಹೊಟ್ಟೆ ತೊಳಸುವುದು, ಚಡಪಡಿಕೆ ಇದ್ದದ್ದೇ. ಗುಣವಾಯಿತು ಅನ್ನಿಸಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ಚೀಟಿ ಕೊಡುವಾಗ ಈ ನಾಲ್ಕು ಮಾತು ಹೇಳಿದ್ದರೆ ಅವರು ಮದ್ದು ಬಿಡುತ್ತಿರಲಿಲ್ಲ. ನಾನು ಹೇಳುತ್ತೇನೆ. ಆದರೆ ಕೌಂಟರಿನಲ್ಲಿ ಊರಿನವರೆಲ್ಲ ನಿಂತಿರುವಾಗ ಎಷ್ಟು ಹೇಳುವುದು? ಈ ಮದ್ದು ತೆಗೆದುಕೊಳ್ಳಲೆಂದೇ ಜನ ತಮ್ಮ ಊರಿನ ಅಂಗಡಿ ಬಿಟ್ಟು ಬಸ್ ಹತ್ತಿ ಬೇರೆ ಪೇಟೆಗೆ ಹೋಗುತ್ತಾರೆ. ನನ್ನ ಊರಿನವರು ಎಲ್ಲಿಗೋ ಹೋಗುತ್ತಾರೆ, ಎಲ್ಲಿಯವರೋ ನನ್ನಲ್ಲಿಗೆ ಬರುತ್ತಾರೆ.

ಮಾನ್ಯರೇ, ಇದನ್ನು ಡಾಕ್ಟರ ಮೇಲಿನ ದೂರು ಎಂದು ದಯವಿಟ್ಟು ಓದಬೇಡಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ವೈದ್ಯಾಧಿಕಾರಿ ಏನೆಲ್ಲ ಮಾಡಬೇಕು ಅಂತ ನನಗೆ ಗೊತ್ತು. ಜ್ವರ, ಬಿಪಿ, ಶುಗರ್, ಲಸಿಕೆ, ಡೆಂಗಿ ಸರ್ವೆ, ಸಭೆ, ವರದಿ. ಅವರು ಎಂಬಿಬಿಎಸ್ ಓದುವಾಗ ಮನೋರೋಗ ವಿಭಾಗದ ಪೋಸ್ಟಿಂಗ್ ಇದ್ದದ್ದು ಕೆಲವೇ ವಾರ. ಆ ವಿಷಯಕ್ಕೆ ಪ್ರತ್ಯೇಕ ಪರೀಕ್ಷೆಯೂ ಇಲ್ಲ, ಮೆಡಿಸಿನ್ ಪೇಪರಿನ ಒಳಗೇ ಅದೂ ಸೇರಿಕೊಂಡಿರುತ್ತದೆ. ಪ್ರತ್ಯೇಕ ಪರೀಕ್ಷೆ ಇಲ್ಲದ ವಿಷಯವನ್ನು ಮಕ್ಕಳು ಎಷ್ಟು ಓದುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗೆ ಬಂದವರನ್ನು ನಾವು ಒಪಿಡಿಯಲ್ಲಿ, ಅಂದರೆ ಹೊರರೋಗಿಗಳನ್ನು ನೋಡುವಲ್ಲಿ, ಕೂರಿಸಿ, ಖಿನ್ನತೆ ಗುರುತಿಸಲಿಲ್ಲ ಅಂತ ಬೈದರೆ ನ್ಯಾಯವಾ?

ಕಲಿಸುವ ಹೊಣೆ ಸರ್ಕಾರದ್ದು. ಇದು ನನ್ನ ಮಾತಲ್ಲ, ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 31ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೆ, ಜೈಲುಗಳ ವೈದ್ಯಾಧಿಕಾರಿಗಳಿಗೆ ಮಾನಸಿಕ ಕಾಯಿಲೆಯ ಪ್ರಾಥಮಿಕ ಚಿಕಿತ್ಸೆ ಮತ್ತು ತುರ್ತು ಚಿಕಿತ್ಸೆ ಕೊಡಲು ಸರ್ಕಾರ ಕನಿಷ್ಠಪಕ್ಷ ತರಬೇತಿಯನ್ನಾದರೂ ಕೊಡಲೇಬೇಕು. ‘ಕನಿಷ್ಠ’ ಅಂತಲೇ ಅಲ್ಲಿ ಬರೆದಿದೆ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರು ಇರುವಂತೆ ಹತ್ತು ವರ್ಷದಲ್ಲಿ ಪ್ರಯತ್ನ ಮಾಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಆ ಹತ್ತು ವರ್ಷ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ತಜ್ಞರನ್ನು ತಯಾರು ಮಾಡಲು ವರ್ಷಗಳೇ ಬೇಕು, ಒಪ್ಪೋಣ. ಇರುವ ಡಾಕ್ಟರಿಗೆ ಕಲಿಸಲು ಅಷ್ಟು ಕಾಲ ಬೇಡ.

ತರಬೇತಿ ನಡೆಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಡೆಯುತ್ತದೆ. ಹೇಗೆ ನಡೆಯುತ್ತದೆ ಅನ್ನುವುದೇ ನನ್ನ ದೂರು. ನನಗೆ ಪರಿಚಯದ ಒಬ್ಬ ಯುವ ವೈದ್ಯಾಧಿಕಾರಿ ಇದ್ದಾರೆ. ಒಳ್ಳೆಯವರು, ಕೆಲಸದಲ್ಲಿ ಶ್ರದ್ಧೆ ಇರುವವರು. ಅಂಥದ್ದೊಂದು ತರಬೇತಿಗೆ ಹೋಗಿ ಬಂದು ಚಾ ಕುಡಿಯುತ್ತಾ ಹೇಳಿದರು. ಬೆಳಿಗ್ಗೆ ದೀಪ ಬೆಳಗಿಸುವುದು, ಸ್ವಾಗತ, ಗಣ್ಯರ ಭಾಷಣ. ಆಮೇಲೆ ಪಿಪಿಟಿ. ದೇಶದಲ್ಲಿ ಎಷ್ಟು ಜನರಿಗೆ ಕಾಯಿಲೆ ಇದೆ ಎಂಬ ಅಂಕಿಅಂಶ. ಊಟ. ಊಟದ ಮೇಲೆ ಇನ್ನೊಂದು ಪಿಪಿಟಿ, ಅರ್ಧ ಜನಕ್ಕೆ ತೂಕಡಿಕೆ. ಗ್ರೂಪ್ ಫೋಟೊ, ಸರ್ಟಿಫಿಕೇಟ್. “ಸ್ಕಿಜೋಫ್ರೇನಿಯಾದ ಲಕ್ಷಣ ಏನು ಅಂತ ನಂಗೆ ಮೊದಲೇ ಗೊತ್ತಿತ್ತು ಮಾರಾಯ್ರೆ. ಎದುರು ಕೂತ ಹೆಂಗಸು ಸುಮ್ನೆ ಅಳ್ಲಿಕ್ಕೆ ಶುರು ಮಾಡಿದ್ರೆ ನಾನು ಎಂತ ಮಾಡ್ಬೇಕು? ಯಾವ ಮದ್ದು, ಎಷ್ಟು ಡೋಸ್, ಯಾವಾಗ ಹೆಚ್ಚಿಸುದು, ಯಾವಾಗ ಮೇಲೆ ಕಳಿಸುದು? ಅದನ್ನು ಯಾರೂ ಹೇಳ್ಲಿಲ್ಲ.” ಮರುದಿನ ಅವರು ವಾಪಸ್ ಒಪಿಡಿಗೆ. ಅಲ್ಲಿ ಮೊದಲಿನ ಹಾಗೆಯೇ ಸಾಲು.

ಚೆಂಡೆಯನ್ನು ಭಾಷಣ ಕೇಳಿ ಕಲಿತವರು ಈ ಊರಿನಲ್ಲಿ ಯಾರೂ ಇಲ್ಲ. ಗುರುವಿನ ಎದುರು ಕೂತು, ತಪ್ಪು ಪೆಟ್ಟು ಹಾಕಿ, ಅಲ್ಲೇ ತಿದ್ದಿಸಿಕೊಂಡೇ ಕಲಿಯುವುದು. ರೋಗಿಯ ಹತ್ತಿರ ಮಾತಾಡುವುದನ್ನೂ ಹಾಗೆಯೇ ಕಲಿಯಬೇಕು. ಹಾಗಾಗಿ ನನ್ನ ಮುಖ್ಯ ಬೇಡಿಕೆ ಒಂದೇ. ಡಾಕ್ಟರನ್ನು ಸಭಾಂಗಣಕ್ಕೆ ಕರೆಯಬೇಡಿ, ಮನೋವೈದ್ಯರನ್ನು ಒಪಿಡಿಗೆ ಕಳಿಸಿ. ಪಕ್ಕದಲ್ಲಿ ಕೂತು, ಇವತ್ತು ಬಂದ ರೋಗಿಯನ್ನು ಇಬ್ಬರೂ ಸೇರಿ ನೋಡಲಿ. ಮೊದಲು ಅವರು ಮಾಡಿ ತೋರಿಸಲಿ, ಆಮೇಲೆ ಇವರು ಮಾಡಲಿ, ಅವರು ನೋಡಲಿ.

ಇದು ಆಗುವ ಕೆಲಸವಾ ಅಂತ ನೀವು ಕೇಳಬಹುದು. ನಮ್ಮ ರಾಜ್ಯದಲ್ಲೇ ಆಗಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಕೇಂದ್ರಗಳಿಗೆ ಮದ್ದು ಕೊಟ್ಟು, ಪ್ರತಿ ತಿಂಗಳು ಏನಾಯಿತು ಅಂತ ವಿಚಾರಿಸುತ್ತಾ ಹೋದರು. ಸಾಮಾನ್ಯ ಡಾಕ್ಟರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ಅಲ್ಲಿ ಗೊತ್ತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಬಳ್ಳಾರಿ ಮಾದರಿಯನ್ನು ಇಟ್ಟುಕೊಂಡೇ. ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಈಗಲೂ ನಿಮ್ಹಾನ್ಸ್‌ನ ಮನೋವೈದ್ಯರು ವಿಡಿಯೊ ಮೂಲಕ ವೈದ್ಯರ ಒಪಿಡಿಯಲ್ಲೇ ಜೊತೆಗೂಡಿ, ರೋಗಿಯನ್ನು ನೋಡುತ್ತಿರುವಾಗಲೇ ಕಲಿಸುವ ಕ್ರಮವನ್ನು ರೂಪಿಸಿದ್ದಾರೆ. ಅಂದರೆ ಮಾದರಿ ಹುಡುಕಲು ನಾವು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಎಲ್ಲ ತಾಲೂಕಿಗೂ ಅದನ್ನು ತಲುಪಿಸುವುದಷ್ಟೇ ಬಾಕಿ.

ನೆರೆಯವರನ್ನೂ ನೋಡಿ. ಕಾರವಾರ ದಾಟಿದರೆ ಗೋವಾ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಖಿನ್ನತೆ, ಆತಂಕ ಇರುವವರ ಜೊತೆ ಮಾತಾಡಲು ಕೂರಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸರ್ಕಾರಿ ಕೇಂದ್ರಗಳಿಗೆ ಬಂದ ರೋಗಿಗಳಲ್ಲಿ ಒಳ್ಳೆಯ ಫಲ ಕಂಡಿತು. ಇತ್ತ ತಲಪಾಡಿ ದಾಟಿದರೆ ಕೇರಳ. ಅಲ್ಲಿನ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ‘ಆಶ್ವಾಸಂ’ ಎಂಬ ಹೆಸರಿನಲ್ಲಿ ಖಿನ್ನತೆಯ ಕ್ಲಿನಿಕ್ ನಡೆಸುತ್ತಾರೆ. ನಾವು ಈ ಎರಡರ ನಡುವೆ ಇದ್ದೇವೆ. ಅದೂ ಎಂಥ ಜಾಗದಲ್ಲಿ! ದೇರಳಕಟ್ಟೆಯಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಮೆಡಿಕಲ್ ಕಾಲೇಜುಗಳ ಬೋರ್ಡೇ ಬೋರ್ಡು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದಿರುವಾಗ ಈ ದಾರಿಯುದ್ದಕ್ಕೂ ಮನೋರೋಗ ವಿಭಾಗಗಳಿಗೆ, ಎಂ.ಡಿ. ಓದುವ ವಿದ್ಯಾರ್ಥಿಗಳಿಗೆ ಬರವಿಲ್ಲ. ಆದರೆ ಹೆಬ್ರಿ, ಅಮಾಸೆಬೈಲು, ಸಿದ್ದಾಪುರದ ಕಡೆಯಿಂದ ಒಬ್ಬರು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಬರಬೇಕೆಂದರೆ ಒಂದು ದಿನದ ದುಡಿಮೆ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ಏರ್ಪಾಡು ಇದೆ, ಒಳ್ಳೆಯದೇ. ಕಾಯಿಲೆ ಮಂಗಳವಾರವೇ ಬರುವುದಿಲ್ಲವಲ್ಲ.

ಕುಡಿತದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮಾಲೆ ಹಾಕುವ ಕಾಲ ಬಂದಾಗ ಕೆಲವರು ವ್ರತಕ್ಕೆಂದು ಒಂದೇ ಏಟಿಗೆ ಕುಡಿತ ಬಿಡುತ್ತಾರೆ. ಮನೆಯವರಿಗೆಲ್ಲ ಸಂತೋಷ. ವರ್ಷಗಟ್ಟಲೆ ದಿನವೂ ಕುಡಿದವರು ಹಾಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತದೆ, ಬೆವರುತ್ತಾರೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ನಾನು ಕಂಡ ಒಬ್ಬರು ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಅಂತ ಕೈಯಲ್ಲಿ ಉಜ್ಜುತ್ತಲೇ ಇದ್ದರು. ಮನೆಯವರು ಏನೋ ಗಾಳಿ ಸೋಂಕಿರಬೇಕು ಅಂತ ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಓಡಿದರು. ನಾನು ಅದನ್ನು ಹಾಸ್ಯ ಮಾಡುವುದಿಲ್ಲ. ದೈವದ ಮೇಲಿನ ನಂಬಿಕೆ ನನಗೂ ಇದೆ. ಅಲ್ಲಿಂದ ಅವರು ಹತ್ತಿರದ ಆಸ್ಪತ್ರೆಗೂ ಬಂದರು. ಅಲ್ಲಿ ಸುಸ್ತು ಅಂತ ಒಂದು ಬಾಟಲಿ ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದರು. ಎಷ್ಟು ಕುಡಿಯುತ್ತಿದ್ದರು, ಯಾವಾಗ ಬಿಟ್ಟರು ಅಂತ ಕೇಳಿದವರಿಲ್ಲ. ಇಂಥವರಿಗೆ ಗ್ಲೂಕೋಸಿಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು ಅನ್ನುವುದು ಪುಸ್ತಕದಲ್ಲೇ ಇರುವ ಪಾಠ. ಇಲ್ಲದಿದ್ದರೆ ಮೆದುಳಿಗೇ ಪೆಟ್ಟು ಬೀಳಬಹುದು. ಕೊನೆಗೆ ಅವರು ದೊಡ್ಡ ಆಸ್ಪತ್ರೆಯ ಐಸಿಯು ಸೇರಿದರು. ಬದುಕಿದರು. ಮನೆಯವರು ಚಿನ್ನ ಅಡವಿಟ್ಟರು. ಇದು ಅಪರೂಪದ ಕಾಯಿಲೆಯಾ? ಕರಾವಳಿಯ ಯಾವ ಊರಿನಲ್ಲಿ ಇಂಥವರಿಲ್ಲ, ಹೇಳಿ.

ಇನ್ನು ಬಾಣಂತಿಯರು. ಹೆರಿಗೆಯಾಗಿ 42 ದಿನ ಆಗುವವರೆಗೆ ಆಶಾ ಕಾರ್ಯಕರ್ತೆ ಆ ಮನೆಗೆ ಮತ್ತೆ ಮತ್ತೆ ಹೋಗಬೇಕು. ಮೂರನೇ ದಿನ, ಏಳನೇ ದಿನ, ಹೀಗೆ ಲೆಕ್ಕ ಇದೆ. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವುದು ಎಲ್ಲ ನೋಡುತ್ತಾರೆ. ತಾಯಿ ನಿದ್ದೆ ಮಾಡುತ್ತಾಳಾ, ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಾಳಾ, ಮಗುವನ್ನು ಎತ್ತಿಕೊಳ್ಳಲು ಹೆದರುತ್ತಾಳಾ ಅಂತ ನೋಡಲು ಅದೇ ಹೊತ್ತಲ್ಲವಾ? ಬಾಣಂತಿ ಸನ್ನಿ ಅಂದರೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದು ತುರ್ತು, ಕಾಯುವ ಹಾಗಿಲ್ಲ ಅನ್ನುವುದು ಆಶಾಗೆ ಗೊತ್ತಿರಬೇಕು. ಅವಳು ಫೋನ್ ಮಾಡಿದರೆ ಎತ್ತುವವರೂ ಇರಬೇಕು.

ಆಶಾಗಳ ಕೈಯಲ್ಲಿ ಇನ್ನೊಂದು ಫಾರಂ ಇದೆ. ಮೂವತ್ತು ದಾಟಿದವರ ಬಿಪಿ, ಶುಗರ್, ಕ್ಯಾನ್ಸರ್ ಅಪಾಯ ತಿಳಿಯಲು ಮನೆಮನೆಗೆ ಹೋಗಿ ತುಂಬಿಸುವ ಸಿ-ಬ್ಯಾಕ್ ಫಾರಂ. ಅದರ ಕೊನೆಯ ಭಾಗದಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಇವೆ. ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯಾ, ಮನಸ್ಸು ಕುಗ್ಗಿದೆಯಾ ಅಂತ. ಬಹಳ ಒಳ್ಳೆಯ ಏರ್ಪಾಡು. ನನ್ನ ಅಂಗಡಿಗೆ ಬರುವ ಆಶಾ ಅಕ್ಕ ಒಬ್ಬರನ್ನು ಕೇಳಿದೆ, ಅದನ್ನು ಹೇಗೆ ಕೇಳುತ್ತೀರಿ ಅಂತ. ನಕ್ಕರು. “ಅಲ್ಲಿ ಸೊನ್ನೆ ಹಾಕುದು. ಹೌದು ಅಂದ್ರೆ ಮತ್ತೆ ಎಂತ ಮಾಡ್ಬೇಕು ಅಂತ ನಮಗೆ ಹೇಳಿಕೊಟ್ಟಿಲ್ಲ. ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆಯ ಹತ್ತಿರ ಮನಸ್ಸು ಕುಗ್ಗಿದೆಯಾ ಅಂತ ಕೇಳ್ಲಿಕ್ಕೆ ಆಗ್ತದಾ?” ಅವರು ಹೇಳಿದ್ದರಲ್ಲಿ ಏನು ತಪ್ಪಿದೆ? ಹೇಗೆ ಕೇಳಬೇಕು, ಎಲ್ಲಿ ಕೇಳಬೇಕು, ಕೇಳಿದ ಮೇಲೆ ಯಾರ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನುವುದನ್ನೇ ಕಲಿಸದೆ ಫಾರಂ ಕೊಟ್ಟರೆ ಸೊನ್ನೆಯೇ ಬರುವುದು. ಆ ಸೊನ್ನೆಗಳೆಲ್ಲ ಕೂಡಿ ಬೆಂಗಳೂರಿಗೆ ಹೋದಾಗ ಉಡುಪಿ ಜಿಲ್ಲೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಅಂತ ನಿಮಗೆ ಕಾಣಬಹುದು. (ಹೊಸ ಕೆಲಸ ಕೊಡುವಾಗ ಆಶಾಗಳಿಗೆ ಅದಕ್ಕೆ ತಕ್ಕ ದುಡ್ಡನ್ನೂ ಕೊಡಿ. ಗೌರವಧನಕ್ಕಾಗಿ ಅವರು ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ.)

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದು ಬೇರೆಯೇ. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿಗೆ ಚಿಕಿತ್ಸೆ ಬೇಕಾದ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನ ಚಿಕಿತ್ಸೆಯೇ ಇಲ್ಲದೆ ಉಳಿದಿದ್ದರು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ಸ್ಥಿತಿ ಅದಕ್ಕಿಂತ ಬೇರೆ ಇರಬಹುದು ಅಂತ ನನಗೆ ನನ್ನ ಕೌಂಟರಿನಿಂದ ಅನ್ನಿಸುವುದಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅಂತ ಎಷ್ಟೋ ಡಾಕ್ಟರು, ನರ್ಸುಗಳು ಇವತ್ತಿಗೂ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಆ ಮನುಷ್ಯನಿಗೆ ಹಗುರವೇ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹಳ ವರ್ಷದಿಂದ ಹೇಳುತ್ತಾ ಬಂದಿದೆ. ಈ ಒಂದು ಹೆದರಿಕೆ ಬಿಡಿಸಿದರೂ ಸಾಕಷ್ಟು ಜೀವ ಉಳಿಯುತ್ತದೆ. 14416 ಎಂಬ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರಿಗೆ ಹಗಲು ರಾತ್ರಿ ಕರೆ ಮಾಡಬಹುದು, 2022ರ ಅಕ್ಟೋಬರಿನಿಂದ ಇದೆ. ನನ್ನ ಅಂಗಡಿಯಲ್ಲಿ ಆ ನಂಬರ್ ಬರೆದು ಅಂಟಿಸಿದ್ದೇನೆ. ಆರೋಗ್ಯ ಕೇಂದ್ರಗಳ ಗೋಡೆಯಲ್ಲೂ ಅದು ಕಾಣುವಂತಿರಲಿ.

ಈಗ ನಾನು ಕೇಳುವುದೇನು ಎಂದು ಬಿಡಿಸಿ ಹೇಳುತ್ತೇನೆ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಒಂದೊಂದು ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗಕ್ಕೆ ಜೋಡಿಸಿ. ಅಲ್ಲಿಂದ ಒಬ್ಬ ಮನೋವೈದ್ಯರು ತಿಂಗಳಿಗೊಮ್ಮೆ ಬಂದು ಒಪಿಡಿಯಲ್ಲಿ ನಮ್ಮ ಡಾಕ್ಟರ ಪಕ್ಕ ಕೂರಲಿ. ಉಳಿದ ದಿನ ಸಂಶಯ ಬಂದರೆ ಕರೆ ಮಾಡಲು ಒಂದು ನಂಬರ್ ಇರಲಿ. ಅದಕ್ಕೆ ಉತ್ತರ ಕೊಡುವವರಿಗೆ ಅದು ಡ್ಯೂಟಿಯಾಗಿರಲಿ, ಉಪಕಾರವಾಗಿ ಬೇಡ. ಹೀಗೆ ಒಂದು ವರ್ಷವಾದರೂ ನಡೆಯಬೇಕು. ಏಕೆಂದರೆ ಖಿನ್ನತೆಯ ರೋಗಿಯನ್ನು ಶುರುವಿನಿಂದ ಗುಣವಾಗುವವರೆಗೆ ನೋಡದೆ ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ. ಯಾರನ್ನು ಇಲ್ಲೇ ನೋಡಬಹುದು, ಯಾರನ್ನು ಇವತ್ತೇ ಮೇಲೆ ಕಳಿಸಬೇಕು ಅನ್ನುವುದು ಅವರಿಗೆ ಕರಗತವಾಗಬೇಕು. ಒಂದು ಉದಾಹರಣೆ ಕೊಡುತ್ತೇನೆ. ಹಿಂದೆ ಯಾವಾಗಲಾದರೂ ಅತಿ ಉತ್ಸಾಹ, ನಿದ್ದೆಯೇ ಬೇಡವೆಂಬಂಥ ದಿನಗಳು ಇದ್ದುವಾ ಅಂತ ಕೇಳದೆ ಖಿನ್ನತೆಯ ಮದ್ದು ಕೊಟ್ಟರೆ, ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಉನ್ಮಾದ ಬರುವ ಕಾಯಿಲೆ) ಇರುವವರಲ್ಲಿ ಅದೇ ಉನ್ಮಾದ ಕೆರಳಬಹುದು. ಇಂಥದ್ದನ್ನು ಪಿಪಿಟಿಯಲ್ಲಿ ಓದಿದವರು ಮರೆಯುತ್ತಾರೆ, ಒಮ್ಮೆ ಎದುರು ಕಂಡವರು ಮರೆಯುವುದಿಲ್ಲ.

ಡಾಕ್ಟರಿಗೆ ಮಾತ್ರ ಕಲಿಸಿದರೆ ಸಾಲದು. ಡಾಕ್ಟರಿಗೆ ವರ್ಗ ಆಗುತ್ತದೆ, ಕೆಲವರು ಪಿಜಿ ಸೀಟು ಸಿಕ್ಕಿ ಹೋಗುತ್ತಾರೆ. ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ. ಸ್ಟಾಫ್ ನರ್ಸ್, ಸಮುದಾಯ ಆರೋಗ್ಯ ಅಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಆಶಾ ಇವರೆಲ್ಲರಿಗೂ ಅವರವರ ಕೆಲಸಕ್ಕೆ ತಕ್ಕ ಪಾಠ ಆಗಬೇಕು. ಅದು ತುಳುವಿನಲ್ಲಿ, ಕುಂದಾಪುರ ಕನ್ನಡದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ರೋಗಿ ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಿಸಿ ಅಭ್ಯಾಸ ಮಾಡಿಸುವ ಪಾಠವಾಗಿರಲಿ. ನಮ್ಮಂಥ ಫಾರ್ಮಸಿಸ್ಟರನ್ನೂ ಬಿಡಬೇಡಿ. ಆರೋಗ್ಯ ಕೇಂದ್ರದ ಫಾರ್ಮಸಿ ಅಧಿಕಾರಿ ಇರಲಿ, ಖಾಸಗಿ ಅಂಗಡಿಯ ನಾವಿರಲಿ, ಮಾತ್ರೆ ಕೈಗೆ ಕೊಡುವ ಹೊತ್ತಿನಲ್ಲಿ ಹೇಳಬೇಕಾದ ಮಾತನ್ನು ನಾವು ಚೆನ್ನಾಗಿ ಹೇಳಬಲ್ಲೆವು. ಯಾರೂ ನಮ್ಮನ್ನು ಕರೆದೇ ಇಲ್ಲ.

ಖಾಸಗಿ ಕ್ಲಿನಿಕ್ಕಿನ ಡಾಕ್ಟರಿಗೂ ಈ ತರಬೇತಿ ಮುಕ್ತವಾಗಿರಲಿ. ನನ್ನ ಎಚ್1 ರಿಜಿಸ್ಟರಿನ ಹೆಸರುಗಳಲ್ಲಿ ಹೆಚ್ಚಿನವು ಬರುವುದು ಅಲ್ಲಿಂದಲೇ.

ಮದ್ದು ಇಲ್ಲದೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಫ್ಲುಒಕ್ಸೆಟಿನ್, ಎಸ್ಸಿಟಲೊಪ್ರಾಮ್ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲೇ ಇವೆ. ಅಂಥ ದುಬಾರಿಯವೂ ಅಲ್ಲ. ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಸಿಗುವ ಕಿಟಕಿಯಲ್ಲೇ ಇವೂ ಸಿಗಬೇಕು, ಒಂದು ತಿಂಗಳು ಇದ್ದು ಮುಂದಿನ ತಿಂಗಳು ಇಲ್ಲ ಎಂದಾಗಬಾರದು. ಸರ್ಕಾರಿ ಕೇಂದ್ರದಲ್ಲಿ ಮದ್ದು ಸಿಕ್ಕಿದರೆ ನನಗೆ ವ್ಯಾಪಾರ ಕಡಿಮೆ, ಗೊತ್ತಿದ್ದೇ ಹೇಳುತ್ತಿದ್ದೇನೆ. ಅಲ್ಲಿ ಇನ್ನೊಂದು ಅನುಕೂಲವೂ ಇದೆ. ಜ್ವರಕ್ಕೆ ಬಂದವರು, ಬಿಪಿಗೆ ಬಂದವರು, ಮನಸ್ಸು ಸರಿ ಇಲ್ಲದೆ ಬಂದವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಯಾರು ಯಾತಕ್ಕೆ ಬಂದರು ಅಂತ ಊರಿಗೆ ಗೊತ್ತಾಗುವುದಿಲ್ಲ. ಮಾತಾಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇದ್ದರೆ ಆಯಿತು.

ತರಬೇತಿ ಆಯಿತಾ ಇಲ್ಲವಾ ಅಂತ ಅಳೆಯುವ ಕ್ರಮವನ್ನೂ ಬದಲಿಸಿ. ಎಷ್ಟು ಜನರಿಗೆ ಸರ್ಟಿಫಿಕೇಟ್ ಕೊಟ್ಟಿರಿ ಎಂಬ ಲೆಕ್ಕ ನಮಗೆ ಬೇಡ. ಪ್ರತಿ ಆರೋಗ್ಯ ಕೇಂದ್ರದಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಶುರುವಾಯಿತು, ಅವರಲ್ಲಿ ಎಷ್ಟು ಮಂದಿ ಮೂರು ತಿಂಗಳ ಮೇಲೂ ಮದ್ದು ತೆಗೆದುಕೊಳ್ಳುತ್ತಿದ್ದಾರೆ, ಮದ್ದು ಎಷ್ಟು ದಿನ ಸ್ಟಾಕ್ ಇರಲಿಲ್ಲ, ಇಷ್ಟನ್ನು ರೋಗಿಗಳ ಹೆಸರಿಲ್ಲದೆ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಿ. ಎಂಬಿಬಿಎಸ್ ಪರೀಕ್ಷೆಯಲ್ಲಿ ಮನೋರೋಗಕ್ಕೆ ಹೆಚ್ಚಿನ ಜಾಗ ಸಿಗಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ನಿಮ್ಮ ಕಡೆಯಿಂದ ಒಂದು ಪತ್ರ ಹೋದರೂ ಒಳ್ಳೆಯದು. ಅದು ನಿಮ್ಮ ಕೈಯಲ್ಲಿಲ್ಲ, ಬರೆಯುವುದು ಕೈಯಲ್ಲಿದೆ.

ಒಮ್ಮೆಗೇ ಎರಡೂ ಜಿಲ್ಲೆಯಲ್ಲಿ ಆಗದಿದ್ದರೆ ಬೇಡ. ಕಡಲ ತೀರದ ಕೆಲವು ಆರೋಗ್ಯ ಕೇಂದ್ರಗಳಿಂದ ಶುರು ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ದಡದಲ್ಲಿ, ಗಂಡಸರು ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ. ಕುಡಿತ, ಸಾಲ, ಜಗಳ ಎಲ್ಲ ಜಾಸ್ತಿಯಾಗುವ ಕಾಲ ಅದು. ಹೆಂಗಸರು ಆರೋಗ್ಯ ಕೇಂದ್ರಕ್ಕೆ ತಲೆನೋವು ಅಂತ ಬರುವುದೂ ಆಗಲೇ. ಅದಕ್ಕೆ ಮೊದಲು, ಅಂದರೆ ಮೇ ತಿಂಗಳೊಳಗೆ, ಮೊದಲ ಮನೋವೈದ್ಯರು ಮೊದಲ ಒಪಿಡಿಯಲ್ಲಿ ಬಂದು ಕೂರುವಂತೆ ಆದೇಶ ಮಾಡಿ. ಯಾವ ಕೇಂದ್ರಕ್ಕೆ, ಯಾವ ದಿನ, ಯಾರು ಬರುತ್ತಾರೆ ಅನ್ನುವುದು ಆ ಆದೇಶದಲ್ಲೇ ಇರಲಿ. ಅದರ ಪ್ರತಿಯನ್ನು ಆರೋಗ್ಯ ಕೇಂದ್ರದ ಬಾಗಿಲಿಗೆ ಅಂಟಿಸಿದರೆ ನಾವೇ ಜನರಿಗೆ ಹೇಳಿ ಕಳಿಸುತ್ತೇವೆ.

ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿಸ್ಟ್,
ಉಡುಪಿ ಜಿಲ್ಲೆ

ಪ್ರತಿ: ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಸಕರಿಗೆ, ಎರಡೂ ಜಿಲ್ಲೆಗಳ ಮೆಡಿಕಲ್ ಕಾಲೇಜುಗಳ ಮುಖ್ಯಸ್ಥರಿಗೆ.